ರೌಟರ್ ಬಿದ್ದಿದೆ, ರೈಟರ್ ಬಿದ್ದಿದ್ದಾರೆ

೧೯೮೦ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ತರಗತಿ, ಮಲ್ಲಂದೂರಿನ ಶಾಲೆ. 'ನಿಲ್ಲಿಸಿದೆ' ಎಂದೇ ಬರೆಯುತ್ತಿದ್ದೇನೆ. 'ಓದು ನಿಂತುಹೋಯಿತು' ಎಂದು ಬರೆದು ಕನಿಕರ ಗಿಟ್ಟಿಸುವ ಅಭ್ಯಾಸ ನನಗಿಲ್ಲ. ಗಣಿತದ ಮೇಷ್ಟ್ರು ಹಲಗೆಯ ಮೇಲೆ ಒಂದು ಲೆಕ್ಕ ತಪ್ಪು ಮಾಡಿದರು, ನಾನು ಎದ್ದು ತೋರಿಸಿದೆ, ಅವರು ಹೊರಗೆ ನಿಲ್ಲು ಎಂದರು. ಹೊರಗೆ ನಿಂತವನು ಹಾಗೇ ತೋಟದ ಕಡೆ ನಡೆದೆ. ಅಪ್ಪ ಕೆಲಸ ಮಾಡುತ್ತಿದ್ದ ಎಸ್ಟೇಟಿನಲ್ಲೇ ಮರ ಹತ್ತುವ ಕೆಲಸ ಸಿಕ್ಕಿತು. ಆ ಲೆಕ್ಕ ಇವತ್ತಿಗೂ ನನ್ನದೇ ಸರಿ.

ಈಗ ನೆಟ್‌ವರ್ಕ್ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ನನಗೆ ಬಡ್ತಿ ಸಿಕ್ಕಿದೆ ಎಂದು ಗೊತ್ತಾಗುತ್ತಿದ್ದದ್ದು ಕೊರಳಿಗೆ ಹಾಕುವ ಕಾರ್ಡಿನ ದಾರದ ಬಣ್ಣ ಬದಲಾದಾಗ ಮಾತ್ರ. ದಾರಕ್ಕೆ ಹೆಮ್ಮೆಪಡುವವರು ಪಡಲಿ.

ತೋಟದಲ್ಲಿ ನಾನು ಮಾಡುತ್ತಿದ್ದದ್ದು ಮರಗಸಿ. ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳನ್ನು ಹತ್ತಿ, ಕಾಫಿಗೆ ಬೇಕಾದಷ್ಟು ಬೆಳಕು ಬೀಳುವ ಹಾಗೆ ಕೊಂಬೆ ಸವರುವ ಕೆಲಸ. ಹತ್ತು ವರ್ಷ ಅದನ್ನು ಮಾಡಿದೆ. ಆಮೇಲೆ ಟೆಲಿಫೋನ್ ಕಂಬದ ಗುಂಪಿಗೆ ಸೇರಿದೆ. ನೆರಳಿಗೆಂದು ಬೆಳೆಸುವ ಎತ್ತರದ ಸಿಲ್ವರ್ ಮರ ಹತ್ತಿದವನಿಗೆ ಕಂಬ ಏನು ಮಹಾ. ಎಸ್ಟೇಟು, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್, ಆಸ್ಪತ್ರೆಗಳಿಗೆಲ್ಲ ಇಂಟರ್ನೆಟ್ ಕೊಡುವ ಖಾಸಗಿ ಕಂಪನಿಯೊಂದು ಚಿಕ್ಕಮಗಳೂರಿಗೆ ಬಂದಾಗ ಟವರ್ ಹತ್ತಲು ನನ್ನನ್ನು ಕರೆದರು. ಎರಡು ವರ್ಷದೊಳಗೆ, ಕೆಳಗೆ ನೆರಳಲ್ಲಿ ರೌಟರಿನ ಮುಂದೆ ಕೂತವರ ಕೆಲಸವನ್ನೂ ನಾನೇ ಮಾಡುತ್ತಿದ್ದೆ. ಕೂತವರಿಗೆ ಅದು ಬರುತ್ತಿರಲಿಲ್ಲ.

ರೌಟರ್ ಎಂದರೆ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ. ಒಂದು ಊರಿನ ಪೆಟ್ಟಿಗೆ ಇನ್ನೊಂದು ಊರಿನ ಪೆಟ್ಟಿಗೆಯ ಜತೆ ಮಾತಾಡಿಕೊಂಡು ದಾರಿ ಗೊತ್ತುಮಾಡಿಕೊಳ್ಳುವ ಕಟ್ಟಳೆಗೆ ಪ್ರೋಟೋಕಾಲ್ ಎನ್ನುತ್ತಾರೆ. ಅದನ್ನು ಕಲಿಸಲು ಬಂದ ಎಂಜಿನಿಯರು ಮೂರು ದಿನ ಪರದೆಯ ಮೇಲೆ ಬಾಣದ ಗುರುತು ಹಾಕಿದರು. ನಾನು ಒಂದೇ ಪ್ರಶ್ನೆ ಕೇಳಿದೆ: "ಸರ್, ಆಚೆ ಕಡೆಯ ರೌಟರ್ ಬದುಕಿದೆ ಅಂತ ಈಚೆಯದಕ್ಕೆ ಹೇಗೆ ಗೊತ್ತಾಗುತ್ತೆ?" ಅವರು ಪುಸ್ತಕ ತಿರುವಿ, "ಹತ್ತು ಸೆಕೆಂಡಿಗೆ ಒಂದ್ಸಲ ಹಲೋ ಅಂತ ಕಳಿಸುತ್ತೆ. ನಲವತ್ತು ಸೆಕೆಂಡ್ ಹಲೋ ಬರದಿದ್ದರೆ ಸತ್ತಿದೆ ಅಂತ ಲೆಕ್ಕ. ಆಗ ಬೇರೆ ದಾರಿ ಹಿಡಿಯುತ್ತೆ" ಎಂದರು. ಇಷ್ಟಕ್ಕೆ ಮೂರು ದಿನ!

ನಮ್ಮ ಗುಡ್ಡಗಳಲ್ಲಿ ಇದು ಮೂರು ವರ್ಷದ ಮಗುವಿಗೂ ಗೊತ್ತು. ಈ ಗುಡ್ಡದವನು ಆ ಗುಡ್ಡದವನಿಗೆ ಕೂಗು ಹಾಕುತ್ತಾನೆ. ಅವನು "ಓ" ಎಂದರೆ ಇದ್ದಾನೆ. ನಾಲ್ಕು ಸಲ ಕೂಗಿದರೂ ಓಗೊಡದಿದ್ದರೆ ಇಲ್ಲ, ಬೇರೆ ದಾರಿ ನೋಡಬೇಕು. ಆ ಪದ್ಧತಿಯ ಹೆಸರು ಓಎಸ್‌ಪಿಎಫ್ ಎಂದು ಎಂಜಿನಿಯರು ಬರೆಸಿದರು. ನಾನು ಅದರ ಮೊದಲ ಅಕ್ಷರವನ್ನು ಮಾತ್ರ ಇಟ್ಟುಕೊಂಡೆ. ಮೂವತ್ತು ರೌಟರ್‌ಗಳನ್ನು ಆ ಒಂದು ಅಕ್ಷರದ ಮೇಲೆ ನಡೆಸಿದೆ.

ಆ ಮೂವತ್ತರಲ್ಲಿ ನನಗೆ ನಿಜವಾಗಿ ಮುಖ್ಯವಾದದ್ದು ಒಂದೇ. ಕಳಸದ ಹತ್ತಿರ ಒಂದು ಸಣ್ಣ ಆಸ್ಪತ್ರೆ ಇದೆ. ಎದೆನೋವು ಎಂದು ಬಂದವರ ಇಸಿಜಿ ಅಲ್ಲಿಂದ ಚಿಕ್ಕಮಗಳೂರಿನ ಹೃದಯದ ಡಾಕ್ಟರಿಗೆ ನಮ್ಮ ತಂತಿಯ ಮೇಲೆ ಬರಬೇಕು. ಅವರು ನೋಡಿ ಹೂಂ ಎಂದರೆ ಅಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಎಸ್ಟೇಟಿನವರ ಇಂಟರ್ನೆಟ್ ಒಂದು ದಿನ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಆ ಇಸಿಜಿ ಅರ್ಧ ಗಂಟೆ ತಡವಾದರೆ ಸಾಯುತ್ತಾರೆ. ಅದಕ್ಕಾಗಿ ಆ ಆಸ್ಪತ್ರೆಗೆ ನಾನು ಎರಡು ದಾರಿ ಇಟ್ಟಿದ್ದೆ. ಒಂದು, ಮೂಡಿಗೆರೆಯ ಮೇಲೆ ರಸ್ತೆ ಬದಿಯಲ್ಲಿ ಹೋಗುವ ಕೇಬಲ್. ಅದು ತುಂಡಾದರೆ ತಾನಾಗಿ ಇನ್ನೊಂದು ದಾರಿ: ಬಾಳೂರಿನ ಎಸ್ಟೇಟೊಂದರ ಗುಡ್ಡದ ಮೇಲೆ ನಿಲ್ಲಿಸಿದ ಟವರಿನಿಂದ ಗಾಳಿಯಲ್ಲಿ, ರೇಡಿಯೋ ಮೂಲಕ.

ಆ ಟವರಿನ ಕೆಳಗಿನ ಶೆಡ್ಡಿನ ಬೀಗದ ಕೈ ಎಸ್ಟೇಟಿನ ರೈಟರ್ ಶೇಷಪ್ಪನವರ ಹತ್ತಿರ ಇರುತ್ತಿತ್ತು. ರೈಟರ್ ಎಂದರೆ ತೋಟದ ಹಾಜರಿ, ಕೆಲಸ ಎಲ್ಲವನ್ನೂ ಬರೆದಿಡುವವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಕನ್ನಡಕ ಹಣೆಯ ಮೇಲೆ, ಪೆನ್ನು ಕಿವಿಯ ಮೇಲೆ. ಶೆಡ್ಡಿನಲ್ಲಿ ಕೆಂಪು ದೀಪ ಕಂಡರೆ ಅವರು ಕಂಪನಿಗೆ ಫೋನ್ ಮಾಡಬೇಕು. ಮೊದಲ ಸಲ ಮಾಡಿದಾಗ ಫೋನ್ ಎತ್ತಿದ್ದು ಬೆಂಗಳೂರಿನ ಕಚೇರಿಯ ಹುಡುಗಿ. ಸ್ವಲ್ಪ ಹೊತ್ತಿಗೆ ನಮ್ಮ ಮ್ಯಾನೇಜರ್ ರಘುನಂದನ್ ನನಗೆ ಫೋನ್ ಮಾಡಿದರು.

"ಮಂಜಯ್ಯ, ಇದೇನ್ರೀ ದೂರಿನ ಟಿಕೆಟ್ಟಲ್ಲಿ? 'ಬಾಳೂರಿನಿಂದ ರೌಟರ್ ಮಾತಾಡಿತು' ಅಂತ ಬರೆದಿದಾರೆ."

"ಅದು ರೌಟರ್ ಅಲ್ಲ ಸರ್, ರೈಟರು. ಮನುಷ್ಯರು."

"ಮನುಷ್ಯರಾ? ಹಾಗಾದ್ರೆ ಬಿದ್ದಿರೋದು ಯಾರು?"

ಇಂಥವರ ಕೈಕೆಳಗೆ ಹದಿನಾರು ವರ್ಷ. ಸಂಜೆ ಶೇಷಪ್ಪನವರಿಗೆ ಇದನ್ನು ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು, ಆಮೇಲೆ ಹಾಜರಿ ಪುಸ್ತಕದವರ ಗತ್ತಿನಲ್ಲಿ ಒಂದು ಕಾನೂನು ಮಾಡಿದರು. "ನೋಡಿ ಮಾರಾಯ್ರೆ, 'ಬಿದ್ದಿದೆ' ಅಂದ್ರೆ ನಿಮ್ಮ ಪೆಟ್ಟಿಗೆ. 'ಬಿದ್ದಿದ್ದಾರೆ' ಅಂದ್ರೆ ನಾನು. ಪೆಟ್ಟಿಗೆಗೆ ಮರ್ಯಾದೆ ಕೊಡೋ ಹಾಗಿಲ್ಲ, ನನಗೆ ಕೊಡದೆ ಇರೋ ಹಾಗಿಲ್ಲ. ಕೊನೇ ಅಕ್ಷರ ಸರಿಯಾಗಿ ಕೇಳಿಸ್ಕೊಳ್ಳಿ."

ಅಲ್ಲಿಂದಾಚೆ ಅವರು ಫೋನ್ ಮಾಡಿದಾಗಲೆಲ್ಲ ಮೊದಲ ಮಾತು, "ಮಂಜಣ್ಣ, ರೈಟರ್ ಬಿದ್ದಿಲ್ಲ, ರೌಟರ್ ಬಿದ್ದಿದೆ."

ರಘುನಂದನ್ ಬಗ್ಗೆ ಇನ್ನೊಂದು ವಿಷಯ ಬರೆಯಲೇಬೇಕು. ರೌಟರ್‌ಗಳು ಒಂದನ್ನೊಂದು ಗುರುತಿಸಲು ಎರಡೂ ತುದಿಯಲ್ಲಿ ಒಂದೇ ಗುಟ್ಟಿನ ಪದ ಇಡಬಹುದು. ಕಳ್ಳ ರೌಟರ್ ಬಂದು ಕೂಗು ಹಾಕಿದರೆ ನಮ್ಮದು ಓಗೊಡಬಾರದಲ್ಲ, ಅದಕ್ಕೆ. ಬೇಸಿಗೆಯಲ್ಲಿ ಒಂದು ದಿನ ಅವರು ಬೆಂಗಳೂರಿನಿಂದಲೇ ಬಾಳೂರಿನ ತುದಿಗೆ ಪದ ಹಾಕಿದರು, ಆಮೇಲೆ ಚಿಕ್ಕಮಗಳೂರಿನ ತುದಿಗೆ ಹಾಕಿದರು. ಬಾಳೂರು ಮಾಯ. ಕೇಬಲ್ ಇದ್ದದ್ದರಿಂದ ಆಸ್ಪತ್ರೆ ನಡೆಯುತ್ತಿತ್ತು, ಆದರೆ ಎರಡನೇ ದಾರಿ ಇಲ್ಲ.

"ಏನು ಪದ ಹಾಕಿದ್ರಿ ಸರ್?"

"ಸಿಂಪಲ್ಲಾಗಿ ಇರ್ಲಿ ಅಂತ ಊರಿನ ಹೆಸರು ಹಾಕ್ದೆ. ಚಿಕ್ಕಮಗಳೂರು."

"ಇಂಗ್ಲಿಷಲ್ಲಿ ಹೇಗೆ ಬರೆದ್ರಿ?"

"ಹೇಗೆ ಅಂದ್ರೆ? ಹೇಗೆ ಬರೀತಾರೋ ಹಾಗೆ."

ಹೇಗೆ ಬರೆಯುತ್ತಾರೆ! ಈ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೇ ಥರ ಬರೆದ ಇಬ್ಬರನ್ನು ನಾನು ಕಂಡಿಲ್ಲ. ಎರಡು ತುದಿಗೆ ಎರಡು ಥರ ಬರೆದು ಕೂತಿದ್ದಾರೆ ಮನುಷ್ಯ, ಮೊದಲನೆಯದನ್ನು ಹೇಗೆ ಬರೆದೆ ಎಂಬುದು ಅವರಿಗೇ ನೆನಪಿಲ್ಲ. "ಜೀಪ್ ತಗೊಂಡು ಹೋಗಿ ಸರಿ ಮಾಡಿ" ಎಂದರು. ನಾನು ಜೀಪ್ ತೆಗೆಯಲಿಲ್ಲ, ಶೇಷಪ್ಪನವರಿಗೆ ಫೋನ್ ಮಾಡಿದೆ. ನಲವತ್ತು ವರ್ಷದಿಂದ ಕಾಗದಪತ್ರ ನೋಡಿದವರು.

"ಹಳೇ ಚಿಕ್ಕಮಗಳೂರೋ ಹೊಸ ಚಿಕ್ಕಮಗಳೂರೋ?" ಎಂದು ಕೇಳಿದರು. "ನಮ್ಮ ಎಸ್ಟೇಟಿನ ದೊಡ್ಡ ಗೌಡ್ರ ಕಾಲದ ಲೆಟರ್‌ಹೆಡ್ಡಲ್ಲಿ ಒಂದು ಥರ ಇದೆ, ಕಾಫಿ ಮೂಟೆ ಮೇಲೆ ಇನ್ನೊಂದು ಥರ, ಈಗಿನ ಬಸ್ ಬೋರ್ಡಲ್ಲಿ ಮತ್ತೊಂದು. ಬರ್ಕೊಳ್ಳಿ, ಹೊಸದರಿಂದ ಹಳೇದಕ್ಕೆ ಒಂದೊಂದಾಗಿ ಹೇಳ್ತೀನಿ."

ಅವರು ಹೇಳುತ್ತಾ ಹೋದರು, ನಾನು ಚಿಕ್ಕಮಗಳೂರಿನ ತುದಿಯಲ್ಲಿ ಒಂದೊಂದೇ ಹಾಕಿ ನಲವತ್ತು ಸೆಕೆಂಡ್ ಕಾಯುತ್ತಾ ಹೋದೆ. ಐದನೆಯ ಕಾಗುಣಿತಕ್ಕೆ ಬಾಳೂರು ಓಗೊಟ್ಟಿತು. ದೊಡ್ಡ ಗೌಡರ ಲೆಟರ್‌ಹೆಡ್ಡಿನದು.

ಹೊಸಬರು ಇದರಿಂದ ಒಂದು ಕಲಿಯಬೇಕು. ಎರಡು ತುದಿಯಲ್ಲೂ ಬದಲಾವಣೆ ಮಾಡುವಾಗ ಆಚೆ ದಂಡೆಯದನ್ನು ಮೊದಲು ಮಾಡಿ. ಈಚೆ ದಂಡೆಯಲ್ಲಿ ನೀವೇ ಇರುತ್ತೀರಿ, ಇಲ್ಲಿಯದನ್ನು ಯಾವಾಗ ಬೇಕಾದರೂ ಸರಿಮಾಡಬಹುದು. ರಘುನಂದನ್ ಅಂದು ಮಾಡಿದ್ದೂ ಹಾಗೆಯೇ. ತಿಳಿದು ಮಾಡಿದ್ದಲ್ಲ, ಪಟ್ಟಿಯಲ್ಲಿ ಬಾಳೂರು ಮೊದಲು ಇತ್ತು. ಆ ತಿಂಗಳ ವರದಿಯಲ್ಲಿ 'ಸುರಕ್ಷತೆ ಹೆಚ್ಚಿಸಲಾಯಿತು' ಎಂದು ಬರೆದುಕೊಂಡರು.

ಕೆಲಸ ಮಾಡಿ ಉಳಿಸದೆ ಎದ್ದು ಹೋಗುವವರು ಇನ್ನೊಂದು ಜಾತಿ. ರೌಟರಿಗೆ ಏನೇ ಹೇಳಿಕೊಟ್ಟರೂ ಕೊನೆಗೆ 'ರೈಟ್' ಎಂದು ಹೊಡೆಯಬೇಕು. ಆಗ ಮಾತ್ರ ಅದು ಬರೆದಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಎಲ್ಲ ಮರೆತಿರುತ್ತದೆ. ಮೂಡಿಗೆರೆಗೆ ಬಂದ ಒಬ್ಬ ಎಂಜಿನಿಯರು ಎರಡು ದಿನ ಕೂತು ಮಾಡಿದ್ದನ್ನು ಬರೆದಿಡದೆ ಊರಿಗೆ ಹೋದರು. ಮಳೆಗಾಲದ ಮೂಡಿಗೆರೆಯಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವಂತೆ. ಶೇಷಪ್ಪನವರಿಗೆ ಇದನ್ನು ಹೇಳಿದಾಗ ನಗಲಿಲ್ಲ. "ಬರೆದಿಡದೆ ಮನೆಗೆ ಹೋಗೋದಾ? ಎಂಥ ಜನ ಮಾರಾಯ್ರೆ" ಎಂದು ನಿಜಕ್ಕೂ ಬೇಸರಪಟ್ಟರು.

ಈಗ ಬಾಳೂರಿನ ರೇಡಿಯೋ ದಾರಿಯ ವಿಷಯ. ಎರಡು ಟವರುಗಳ ನಡುವೆ ಕಣ್ಣಿಗೆ ನೇರವಾಗಿ ಕಾಣುವ ಹಾಗಿರಬೇಕು, ನಡುವೆ ಏನೂ ಅಡ್ಡ ಬರಬಾರದು. ಬೇಸಿಗೆಯಲ್ಲಿ ಬಂದು ಅಳತೆ ಮಾಡಿದ ತಜ್ಞರು 'ಅಡೆತಡೆ ಇಲ್ಲ' ಎಂದು ಬರೆದು ಕೊಟ್ಟು ಹೋದರು. ಮರಗಸಿ ಆಗಿ ವಾರ ಕಳೆದಿತ್ತು, ಅಡೆತಡೆ ಎಲ್ಲಿಂದ ಬರಬೇಕು? ಸಿಲ್ವರ್ ಮರ ವರ್ಷಕ್ಕೆ ಆಳೆತ್ತರ ಏರುತ್ತದೆ ಎಂಬುದು ಅವರ ಉಪಕರಣಕ್ಕೆ ಗೊತ್ತಿರಲಿಲ್ಲ. ಮಳೆಯಲ್ಲಿ ನೆಂದ ಎಲೆ ರೇಡಿಯೋಗೆ ಗೋಡೆ ಇದ್ದ ಹಾಗೆ. ಅದಕ್ಕೆ ನಾನೊಂದು ಪದ್ಧತಿ ಮಾಡಿದೆ. ಪ್ರತಿ ವರ್ಷ ಎಸ್ಟೇಟಿನ ಮರಗಸಿ ಶುರುವಾಗುವ ದಿನ ನಾನೇ ಬಾಳೂರಿಗೆ ಹೋಗುವುದು, ಟವರ್ ಹತ್ತಿ ಕಳಸದ ಕಡೆ ನೋಡುವುದು, ದಾರಿಗೆ ಅಡ್ಡ ಬರುವ ಮರಗಳನ್ನು ಅಲ್ಲಿಂದಲೇ ಕೂಗಿ ತೋರಿಸುವುದು. ಕೆಳಗೆ ಮೇಸ್ತ್ರಿ ತನಿಯ ಸುಣ್ಣದ ಗುರುತು ಹಾಕುತ್ತಿದ್ದ. ಆ ಸಾಲನ್ನು ಹೆಚ್ಚು ಸವರುತ್ತಿದ್ದರು. ಯಜಮಾನರಾದ ಗೌಡರು ಒಂದೇ ಮಾತು ಅಂದಿದ್ದರು: "ನಮ್ಮ ಆಳುಗಳಿಗೂ ಅದೇ ಆಸ್ಪತ್ರೆಯಲ್ವಾ, ಕಡೀರಿ."

ಇದು ಯಾವ ಪುಸ್ತಕದಲ್ಲೂ ಇಲ್ಲ. 'ಮಂಜಯ್ಯನವರ ಮರ ಕಡಿಯುವ ಪ್ರೋಟೋಕಾಲ್' ಎಂದು ಬೆಂಗಳೂರಿನ ಮೀಟಿಂಗಿನಲ್ಲಿ ರಘುನಂದನ್ ನಗೆಯಾಡಿದರು. ಎಲ್ಲರೂ ನಕ್ಕರು. ಹನ್ನೊಂದು ಮಳೆಗಾಲ ಎಲೆಯ ದೆಸೆಯಿಂದ ಆ ದಾರಿ ಒಂದು ದಿನವೂ ಕೈಕೊಡಲಿಲ್ಲ. ನಕ್ಕವರಲ್ಲಿ ಯಾರೂ ಅದನ್ನು ಲೆಕ್ಕ ಹಾಕಲಿಲ್ಲ.

ಹನ್ನೆರಡನೆಯ ಮಳೆಗಾಲ ನನ್ನ ಕೆಲಸದ ಕೊನೆಯದು. ಇದುವರೆಗೆ ಬರೆದದ್ದೆಲ್ಲ ಬೇರೆಯವರ ದಡ್ಡತನ. ಇನ್ನು ಬರೆಯುವುದು ನನ್ನದು.

ಆ ವರ್ಷ ಕಂಪನಿ ಚಿಕ್ಕಮಗಳೂರಿನ ಕಚೇರಿಗೆ ಗೋಡೆಯಷ್ಟು ದೊಡ್ಡ ಪರದೆ ತಂದು ಹಾಕಿತು. ಒಂದೊಂದು ರೌಟರಿಗೆ ಒಂದೊಂದು ಚುಕ್ಕಿ. ಹಸಿರು ಎಂದರೆ ಬದುಕಿದೆ, ಕೆಂಪು ಎಂದರೆ ಸತ್ತಿದೆ. ಅದರ ಮುಂದೆ ತಿರುಗುವ ಕುರ್ಚಿ. "ಇನ್ಮೇಲೆ ಸೈಟಿಗೆ ಓಡಾಡೋದು ಬೇಡ ಮಂಜಯ್ಯ, ಇಲ್ಲಿಂದಲೇ ಎಲ್ಲ ಕಾಣುತ್ತೆ" ಎಂದರು ರಘುನಂದನ್. ನಾನು ವಾದ ಮಾಡಬೇಕಿತ್ತು. ಮಾಡಲಿಲ್ಲ. ನಿಜ ಹೇಳುತ್ತೇನೆ, ಆ ಕುರ್ಚಿ ನನಗೆ ಹಿಡಿಸಿತ್ತು. ಮರದ ಮೇಲೆ, ಕಂಬದ ಮೇಲೆ, ಟವರಿನ ಮೇಲೆ ಆಯುಷ್ಯ ಕಳೆದವನಿಗೆ ಬೆನ್ನಿಗೆ ಒರಗು ಸಿಕ್ಕಿತ್ತು. ನೆರಳಲ್ಲಿ ಕೂತವರನ್ನು ಬೈಯುತ್ತಲೇ ಬಂದವನು ನೆರಳಲ್ಲಿ ಕೂತೆ.

ಮೇ ತಿಂಗಳಲ್ಲಿ ಶೇಷಪ್ಪನವರ ಫೋನು.

"ಮಂಜಣ್ಣ, ರೈಟರ್ ಬಿದ್ದಿಲ್ಲ. ಸೋಮವಾರ ಮರಗಸಿ ಶುರು. ಬಂದು ಸಾಲು ತೋರಿಸಿ ಹೋಗಿ. ಕಡುಬು ಮಾಡಿಸ್ತೀನಿ."

"ಈ ಸಲ ಬೇಡ ಶೇಷಪ್ನೋರೆ. ಇಲ್ಲಿಂದಲೇ ಕಾಣುತ್ತೆ. ಹಸಿರಿದೆ."

"ಹಸಿರು ಇಲ್ಲೂ ಇದೆ ಮಾರಾಯ್ರೆ, ಕಳೆದ ವರ್ಷದ್ದಕ್ಕಿಂತ ಜಾಸ್ತಿ ಇದೆ. ಅದನ್ನೇ ಹೇಳ್ತಾ ಇರೋದು."

ನಾನು ನಕ್ಕು ಫೋನ್ ಇಟ್ಟೆ. ಗುರುತು ಹಾಕುವವರಿಲ್ಲದೆ ಆ ಸಾಲಿಗೂ ಉಳಿದ ಮರಗಳಷ್ಟೇ ಕತ್ತಿ ಬಿತ್ತು.

ಜುಲೈಯಲ್ಲಿ ಒಂದು ಬೆಳಗ್ಗೆ ಕೊಟ್ಟಿಗೆಹಾರದ ಆಚೆ ರಸ್ತೆಗೆ ಮಣ್ಣು ಕುಸಿಯಿತು. ತೆಗೆಯಲು ಬಂದ ಜೆಸಿಬಿ ಕೇಬಲ್ಲನ್ನೂ ಕಿತ್ತಿತು. ನನ್ನ ಪರದೆಯ ಮೇಲೆ ಕಳಸದ ಚುಕ್ಕಿ ಕೆಂಪಾಗಿ, ನಲವತ್ತು ಸೆಕೆಂಡಿಗೆ ಮತ್ತೆ ಹಸಿರಾಯಿತು. ರೌಟರುಗಳು ತಾವೇ ಬಾಳೂರಿನ ದಾರಿ ಹಿಡಿದಿದ್ದವು. ಆ ಹೊತ್ತಿಗೆ ಸರಿಯಾಗಿ ರಘುನಂದನ್ ಜತೆ ವಿಡಿಯೋ ಮೀಟಿಂಗ್ ನಡೆಯುತ್ತಿತ್ತು. "ನೋಡಿ ಸರ್, ಇದಕ್ಕೇ ಇರೋದು ನನ್ನ ಎರಡನೇ ದಾರಿ" ಎಂದು ಎದೆ ಉಬ್ಬಿಸಿದೆ. ಅವರು ಚಪ್ಪಾಳೆ ತಟ್ಟಿದರು.

ಆಗ ಮೊಬೈಲ್ ಬಡಿಯಿತು. ಮೇಸ್ತ್ರಿ ತನಿಯ. ಹಿಂದೆ ಮಳೆಯ ಸದ್ದು, ಮಾತು ಕತ್ತರಿಸಿ ಕತ್ತರಿಸಿ ಬರುತ್ತಿತ್ತು.

"ಸಾರ್... ರೈಟ್ರು ಬಿದ್... ಕಳಸ ಆಸ್ಪತ್ರೇಲಿ... ಹೋಗ್ತಾ ಇಲ್ಲ ಅಂತಾರೆ..."

ನನ್ನ ಕಿವಿಗೆ ಅದು ರೌಟ್ರು ಎಂದೇ ಬಿತ್ತು. ಕೊನೆಯ ಅಕ್ಷರ ಮಳೆಯಲ್ಲಿ ಹೋಯಿತು. ಹೋದದ್ದನ್ನು ಕೇಳಿ ತಿಳಿಯುವ ವ್ಯವಧಾನ ನನಗಿರಲಿಲ್ಲ, ಮ್ಯಾನೇಜರ್ ಮುಂದೆ ಮೆರೆಯುತ್ತಿದ್ದೆ.

"ಬಿದ್ದಿಲ್ಲ ಕಣೋ, ನನ್ನ ಕಣ್ಣ ಮುಂದೆ ಹಸಿರಿದೆ! ಒಂದ್ಸಲ ಆಫ್ ಮಾಡಿ ಆನ್ ಮಾಡಕ್ಕೆ ಹೇಳು" ಎಂದು ಗದರಿ ಇಟ್ಟೆ.

ಇಪ್ಪತ್ತೈದು ನಿಮಿಷ ಕಳೆದು ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾ ಫೋನ್ ಮಾಡಿದರು. ಆಕೆ ಸಣ್ಣ ಮಾತಿಗೆ ಫೋನ್ ಮಾಡುವವರಲ್ಲ.

"ಇಸಿಜಿ ಹೋಗ್ತಾ ಇಲ್ಲ ಮಂಜಯ್ಯನವ್ರೇ. ಆರು ಸಲ ಕಳಿಸಿದೆ, ಅರ್ಧಕ್ಕೆ ನಿಲ್ಲುತ್ತೆ. ಮೊಬೈಲಲ್ಲೂ ಫೋಟೋ ಹೋಗ್ತಿಲ್ಲ, ಮಾತು ಮಾತ್ರ ಹೋಗುತ್ತೆ."

"ಇಲ್ಲಿ ಹಸಿರಿದೆ ಸಿಸ್ಟರ್."

"ನಿಮ್ಮ ಹಸಿರು ಕಟ್ಕೊಂಡು ನಾನೇನು ಮಾಡ್ಲಿ? ಬಾಳೂರು ಎಸ್ಟೇಟಿನ ರೈಟರು ಮಂಚದ ಮೇಲೆ ಬೆವರ್ತಾ ಇದಾರೆ. ಕಣದಲ್ಲಿ ಕುಸಿದು ಬಿದ್ರಂತೆ. ಆವಾಗ್ಲೇ ಮೇಸ್ತ್ರಿ ನಿಮಗೆ ಹೇಳಿದ್ನಲ್ಲ!"

ಬಿದ್ದಿದ್ದಾರೆ.

ಕುರ್ಚಿಯಿಂದ ಎದ್ದು ನಿಂತೆ. ನಿಂತುಕೊಂಡೇ ಟೈಪ್ ಮಾಡಿದೆ. ಕಳಸದ ರೌಟರಿಗೆ ಒಂದು ಸಣ್ಣ ಸಂದೇಶ ಕಳಿಸಿದೆ, ತಕ್ಷಣ ಉತ್ತರ ಬಂತು. ಇಸಿಜಿಯ ಒಂದು ತುಂಡು ಎಷ್ಟು ದೊಡ್ಡದಿರುತ್ತದೋ ಅಷ್ಟು ದೊಡ್ಡದನ್ನು ಕಳಿಸಿದೆ. ಉತ್ತರವಿಲ್ಲ. ಹತ್ತು ಕಳಿಸಿದರೆ ಹತ್ತೂ ಇಲ್ಲ. ಅರ್ಥವಾಯಿತು. ಹಲೋ ಎಂಬುದು ಸಣ್ಣದು, ಒದ್ದೆ ಎಲೆಯ ಸಂದಿಯಲ್ಲಿ ಹೇಗೋ ನುಸುಳಿ ದಾಟುತ್ತಿದೆ. ರೌಟರುಗಳು ಅದನ್ನು ನಂಬಿ ದಾರಿ ಇದೆ ಎನ್ನುತ್ತಿವೆ. ಪರದೆ ರೌಟರನ್ನು ನಂಬಿ ಹಸಿರು ತೋರಿಸುತ್ತಿದೆ. ನಾನು ಪರದೆಯನ್ನು ನಂಬಿದ್ದೇನೆ. ಹೊರೆ ಮಾತ್ರ ಒಂದೂ ದಾಟುತ್ತಿಲ್ಲ.

ಇದನ್ನೂ ನಮ್ಮ ಗುಡ್ಡದ ಮಗುವಿಗೆ ಹೇಳಿಕೊಡಬೇಕಿಲ್ಲ. ಹಳ್ಳದ ಆಚೆಯವನು ಓ ಎಂದರೆ ಅವನು ಇದ್ದಾನೆ ಎಂದಷ್ಟೇ ಅರ್ಥ. ನಡುವೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ಇದೆಯೋ, ರಾತ್ರಿಯ ನೀರಿಗೆ ಕೊಚ್ಚಿ ಹೋಗಿದೆಯೋ, ಅದನ್ನು ಓ ಹೇಳುವುದಿಲ್ಲ. ದಂಡೆಗೆ ಹೋಗಿಯೇ ನೋಡಬೇಕು. ಕೂಗಿನ ಉಪಮೆ ಹೇಳಿ ಹೇಳಿ ಎಂಜಿನಿಯರುಗಳನ್ನು ಗೇಲಿ ಮಾಡಿದವನು ಸಂಕವನ್ನೇ ಮರೆತಿದ್ದೆ.

ಮರ ಕಡಿಸಲು ಹೊತ್ತಿರಲಿಲ್ಲ. ಹೊರೆ ದಾಟದಿದ್ದರೆ ಹೊರೆಯನ್ನು ಬಿಚ್ಚಿ ಹಿಡಿಹಿಡಿಯಾಗಿ ದಾಟಿಸಬೇಕು. ಒಂದು ಸಲಕ್ಕೆ ಎಷ್ಟು ದೊಡ್ಡ ತುಂಡು ಹೋಗಬೇಕು ಎಂಬ ಅಳತೆಯನ್ನು ರೌಟರಿನಲ್ಲಿ ಇಳಿಸಬಹುದು. ಆದರೆ ಎರಡೂ ತುದಿಯಲ್ಲಿ ಅದು ಒಂದೇ ಇರಬೇಕು, ಇಲ್ಲದಿದ್ದರೆ ಅವು ಒಂದನ್ನೊಂದು ನೆರೆಯವರೆಂದು ಒಪ್ಪುವುದಿಲ್ಲ. ಆಚೆ ದಂಡೆ ಮೊದಲು. ನಾನು ಒತ್ತುವ ಒಂದೊಂದು ಅಕ್ಷರವೂ ಸಣ್ಣದು, ಅದು ದಾಟುತ್ತದೆ. ಒಂದೊಂದೇ ಅಕ್ಷರ ಒತ್ತಿ, ಆಚೆಯಿಂದ ಅದು ಕಾಣಿಸಿಕೊಂಡ ಮೇಲೆ ಮುಂದಿನದು ಒತ್ತಿದೆ. ಕಳಸದ್ದು ಬದಲಾಯಿತು. ಬಾಳೂರಿನದು ಬದಲಾಯಿತು. ಕೊನೆಗೆ ಇಲ್ಲಿಯದು. ಚುಕ್ಕಿ ಒಮ್ಮೆ ಕೆಂಪಾಯಿತು. ಪರದೆಯಲ್ಲಿ ರಘುನಂದನ್ ಇನ್ನೂ ಇದ್ದರು. "ಮಂಜಯ್ಯ, ಏನ್ ಮಾಡ್ತಿದೀರಿ, ಚೆನ್ನಾಗಿದ್ದದ್ದು ಕೆಂಪಾಯ್ತಲ್ರೀ!" ಎಂದರು. ಬಾಯಿ ಮುಚ್ಚಿ ಎಂದೆ. ಹದಿನಾರು ವರ್ಷದಲ್ಲಿ ಅದೊಂದೇ ಸಲ.

ಮತ್ತೆ ಹಸಿರಾಯಿತು. "ಸಿಸ್ಟರ್, ಈಗ ಕಳಿಸಿ" ಎಂದೆ. ಇಸಿಜಿ ಇಂಚಿಂಚಾಗಿ ಬಂತು. ಪೂರ್ತಿ ಬರಲು ನಾಲ್ಕು ನಿಮಿಷ ಹಿಡಿಯಿತು. ಡಾಕ್ಟರು ನೋಡಿ ಒಂದೇ ಮಾತಿನಲ್ಲಿ ಇಂಜೆಕ್ಷನ್ ಕೊಡಿ ಎಂದರು. ತನಿಯ ಫೋನ್ ಮಾಡಿದ ಗಳಿಗೆಯಿಂದ ಅಲ್ಲಿಗೆ ನಲವತ್ತು ನಿಮಿಷ.

ಶೇಷಪ್ಪನವರು ಉಳಿದರು. ಹೃದಯದ ಒಂದು ಭಾಗ ಉಳಿಯಲಿಲ್ಲ. ಬೇಗ ಕೊಟ್ಟಿದ್ದರೆ ಅದೂ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಅವರು ಸಭ್ಯರು. "ಹೇಳೋಕಾಗಲ್ಲ" ಎಂದು ಬೇರೆ ಕಡೆ ನೋಡಿದರು.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ತನಿಯ ನಿಂತಿದ್ದ, ನನ್ನನ್ನು ನೋಡಿ ತಲೆ ತಗ್ಗಿಸಿದ. ತಗ್ಗಿಸಬೇಕಾದವನು ನಾನು. ಶೇಷಪ್ಪನವರ ಕನ್ನಡಕ ಆಗಲೇ ಹಣೆಯ ಮೇಲಿತ್ತು.

"ಏನು ಮಾರಾಯ್ರೆ, ನನ್ನನ್ನ ಆಫ್ ಮಾಡಿ ಆನ್ ಮಾಡಕ್ಕೆ ಹೇಳಿದ್ರಂತೆ?"

ನಾನು ತನಿಯನ ಕಡೆ ನೋಡಿದೆ.

"ಇವನು ಅದನ್ನ ಸಿಸ್ಟರಿಗೆ ಹಾಗೇ ಹೇಳಿದಾನೆ. ಅವರು ಬೈದು ಕಳಿಸಿದಾರೆ" ಎಂದು ನಗಲು ಹೋಗಿ, ಎದೆ ಹಿಡಿದುಕೊಂಡು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಮರಗಸಿಗೆ ಬರಬೇಕಿತ್ತು ನೀವು" ಎಂದರು. ಬೈಗುಳ ಇರಲಿಲ್ಲ ಅದರಲ್ಲಿ. ಹಾಜರಿ ಹಾಕಿದ ಹಾಗೆ ಇತ್ತು. ಗೈರು.

ಕಚೇರಿಗೆ ಬಂದು, ಆ ದಿನ ಕಳಸದ ದಾರಿ ನಲವತ್ತು ನಿಮಿಷ ಸತ್ತಿತ್ತು ಎಂದು ವರದಿಯಲ್ಲಿ ಬರೆಯಿರಿ ಎಂದು ರಘುನಂದನ್‌ಗೆ ಹೇಳಿದೆ.

"ಗ್ರಾಫಲ್ಲಿ ಎಲ್ಲೂ ಡೌನ್ ಇಲ್ವಲ್ಲ ಮಂಜಯ್ಯ. ಕೇಬಲ್ ಕಿತ್ತಾಗ ನಲವತ್ತು ಸೆಕೆಂಡು, ನೀವು ಸೆಟ್ಟಿಂಗ್ ಬದಲಾಯಿಸಿದಾಗ ಒಂದು ನಿಮಿಷ ಕೆಂಪಾಗಿದ್ದು ಬಿಟ್ರೆ. ಅದನ್ನೂ ನಾನು ತೆಗೆಸಿದೀನಿ, ನಿಮ್ಮ ಹೆಸರು ಕೆಡೋದು ಬೇಡ ಅಂತ."

"ಮನುಷ್ಯರು ಬಿದ್ದಿದ್ರು ಸರ್."

"ಅದು ಮೆಡಿಕಲ್ ಮ್ಯಾಟರ್ ಅಲ್ವಾ."

ಎರಡು ತಿಂಗಳಿಗೆ ನನ್ನ ಬೀಳ್ಕೊಡುಗೆ. ಆ ಜುಲೈ ತಿಂಗಳಿಗಾಗಿ ಗಾಜಿನ ಚೌಕಟ್ಟಿನ ಪ್ರಶಸ್ತಿ ಪತ್ರ ಕೊಟ್ಟರು. ನೂರಕ್ಕೆ ನೂರು, ಒಂದು ನಿಮಿಷವೂ ಸಂಪರ್ಕ ಕಡಿದಿಲ್ಲ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಅದನ್ನು ತಿರುಗುವ ಕುರ್ಚಿಯ ಮೇಲೆ ಇಟ್ಟು ಬಂದೆ. ಅದಕ್ಕೆ ಸರಿಯಾದ ಜಾಗ.

ಅಲ್ಲಿಂದ ನೇರ ಬಾಳೂರಿಗೆ ಹೋದೆ. ಟವರಿನ ಶೆಡ್ಡಿನಲ್ಲಿ ಒಂದು ಹಾಜರಿ ಪುಸ್ತಕ ಇದೆ, ಬಂದವರು ಏನು ಮಾಡಿದರು ಎಂದು ಬರೆಯಲೆಂದು ಶೇಷಪ್ಪನವರೇ ಇಟ್ಟದ್ದು. ಅದರಲ್ಲಿ ಬರೆದೆ: 'ಈ ವರ್ಷ ಮರಗಸಿ ನೋಡಲು ಬರಲಿಲ್ಲ. ದಾರಿ ನಲವತ್ತು ನಿಮಿಷ ಇರಲಿಲ್ಲ. ತಪ್ಪು ನನ್ನದು. ಮಂಜಯ್ಯ.' ಶೇಷಪ್ಪನವರಿಗೆ ಈಗ ಆ ಗುಡ್ಡ ಹತ್ತಲು ಆಗುವುದಿಲ್ಲ. ತನಿಯ ಪುಸ್ತಕವನ್ನು ಅವರ ಮನೆಗೆ ಒಯ್ದ. ಮರುವಾರ ನೋಡಿದರೆ ನನ್ನ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಪದ ಇತ್ತು: 'ಗಮನಿಸಿದೆ.' ಕೆಳಗೆ ರೈಟರ ಸಹಿ.

ಹೊಸದಾಗಿ ಸೇರುವವರೇ, ಹಸಿರು ಚುಕ್ಕಿಯನ್ನು ನಂಬಬೇಡಿ. ದಿನಕ್ಕೊಂದು ಸಲವಾದರೂ ಪೂರ್ತಿ ಹೊರೆ ಹಾಕಿ ದಾಟಿಸಿ ನೋಡಿ. ಫೋನಿನಲ್ಲಿ ಕೊನೆಯ ಅಕ್ಷರ ಕೇಳದಿದ್ದರೆ ಇನ್ನೊಮ್ಮೆ ಹೇಳಿ ಎನ್ನಿ. ಯಾವ ಮ್ಯಾನೇಜರ್ ಎದುರಿಗಿದ್ದರೂ ಸರಿ.

ನಾನೀಗ ಪ್ರತಿ ವರ್ಷ ಮರಗಸಿಗೆ ಹೋಗುತ್ತೇನೆ. ಕಂಪನಿ ಕರೆಯುವುದಿಲ್ಲ, ಬೇಡ ಎನ್ನುವ ಧೈರ್ಯವೂ ಅದಕ್ಕಿಲ್ಲ. ದಿನಾ ಬೆಳಗ್ಗೆ ಏಳಕ್ಕೆ ಒಂದು ಫೋನ್ ಬರುತ್ತದೆ. "ರೈಟರ್ ಬಿದ್ದಿಲ್ಲ" ಎನ್ನುತ್ತದೆ ಆಚೆಯ ದನಿ. ನಾನು "ಓ" ಎನ್ನುತ್ತೇನೆ. ಓ ಮಾತ್ರ ಸಾಲದು ಎಂದು ಗೊತ್ತಿರುವುದರಿಂದ ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಲ್ಲಂದೂರಿನಲ್ಲಿ ಹೆಂಚಿನ ಮನೆ ಒಂದು. ಅಡುಗೆಮನೆಯಿಂದಲೇ ನನ್ನನ್ನು ಬೈಯುವ ಹೆಂಡತಿ ಒಬ್ಬಳು. ಅಲ್ಯೂಮಿನಿಯಂ ಏಣಿ ಒಂದು, ಮರಗಸಿ ಕತ್ತಿ ಎರಡು. ಕೊರಳಿನ ದಾರ ನಾಲ್ಕು ಬಣ್ಣದವು. ಹೆಂಡತಿ ಅವುಗಳಲ್ಲಿ ಅವರೆ ಬಳ್ಳಿ ಕಟ್ಟಿದ್ದಾಳೆ. ಹಳೆಯ ರೌಟರ್ ಎರಡು, ಎರಡೂ ಕೆಟ್ಟಿವೆ. ರೈಟರು ಒಬ್ಬರು. ಇದ್ದಾರೆ.